ಓದುಗರ ಪ್ರಶ್ನೆ, ನಮ್ಮ ಉತ್ತರ: ಫ್ರೀಲಾನ್ಸ್ ಡೆವಲಪರ್‌ನಿಂದ ಸಾಫ್ಟ್‌ವೇರ್ ಮಾಡಿಸುವಾಗ

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಈ ಸಲ ಹೆಚ್ಚಿನವು ಒಂದೇ ವಿಷಯದವು. ಕಂಪನಿಗೆ ಕೊಟ್ಟರೆ ದುಬಾರಿ, ಬಿಡಿಯಾಗಿ ಕೆಲಸ ಮಾಡುವ ಫ್ರೀಲಾನ್ಸ್ ಡೆವಲಪರ್‌ಗೆ ಕೊಟ್ಟರೆ ಭಯ, ಏನು ಮಾಡೋಣ ಎಂಬುದು ಅವರ ಕಷ್ಟ. ಅವುಗಳಲ್ಲಿ ಆರು ಪ್ರಶ್ನೆಗಳನ್ನು ಇಲ್ಲಿ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಎಪಿಎಂಸಿಯಲ್ಲಿ ನಮ್ಮದು ಮೆಕ್ಕೆಜೋಳದ ದಲ್ಲಾಲಿ ಅಂಗಡಿ. ರೈತರ ಹೆಸರು, ಚೀಲ, ತೂಕ, ದರ ಹಾಕಿದರೆ ಪಟ್ಟಿ ಬರಬೇಕು, ರೈತರ ಮೊಬೈಲಿಗೆ ಕನ್ನಡದಲ್ಲಿ ಮೆಸೇಜ್ ಹೋಗಬೇಕು, ಲೆಕ್ಕ ಟ್ಯಾಲಿ ಸಾಫ್ಟ್‌ವೇರಿಗೂ ಸೇರಬೇಕು. ಮೂವರನ್ನು ವಿಚಾರಿಸಿದೆವು. ಒಬ್ಬರು 35 ಸಾವಿರ ಅಂದರು, ಇನ್ನೊಬ್ಬರು 1.6 ಲಕ್ಷ, ಬೆಂಗಳೂರಿನವರು 4 ಲಕ್ಷ. ಯಾರನ್ನು ನಂಬಬೇಕು ಸರ್?
— ಓದುಗರು, ದಾವಣಗೆರೆ

ಉತ್ತರ: ಸದ್ಯಕ್ಕೆ ಯಾರಿಗೂ ಒಪ್ಪಿಗೆ ಕೊಡಬೇಡಿ. ಮೂವರೂ ಹೇಳಿರುವುದು ಒಂದೇ ಕೆಲಸದ ದರವಲ್ಲ. ನೀವು ಬಾಯಲ್ಲಿ ಹೇಳಿದ್ದನ್ನು ಒಬ್ಬೊಬ್ಬರು ಒಂದೊಂದು ರೀತಿ ಅರ್ಥ ಮಾಡಿಕೊಂಡಿದ್ದಾರೆ. 35 ಸಾವಿರದವರು ಒಂದೇ ಕಂಪ್ಯೂಟರಿನಲ್ಲಿ ಬಿಲ್ ಹೊಡೆಯುವ ಸಣ್ಣ ಪ್ರೋಗ್ರಾಂ ಎಂದುಕೊಂಡಿರಬಹುದು. 4 ಲಕ್ಷದವರು ಮೊಬೈಲ್ ಆ್ಯಪ್, ಸರ್ವರ್, ಒಂದು ವರ್ಷದ ನಿರ್ವಹಣೆ ಎಲ್ಲ ಸೇರಿಸಿರಬಹುದು. ಮೊದಲು ಎರಡು ಪುಟದ ಬರಹ ಮಾಡಿ, ಅದೇ ಕಾಗದವನ್ನು ಮೂವರಿಗೂ ಕೊಟ್ಟು ಮತ್ತೆ ದರ ಕೇಳಿ. ಆಗಲೂ ಅಂತರ ಉಳಿದರೆ ಅದಕ್ಕೆ ಕಾರಣ ಇರುತ್ತದೆ, ಆ ಕಾರಣವನ್ನು ಕೇಳಬಹುದು.

ಆ ಎರಡು ಪುಟ ಕನ್ನಡದಲ್ಲೇ ಇರಲಿ, ತಾಂತ್ರಿಕ ಪದ ಒಂದೂ ಬೇಡ. ಅಂಗಡಿಯಲ್ಲಿ ಯಾರು ಯಾರು ಇದನ್ನು ಬಳಸುತ್ತಾರೆ (ಗುಮಾಸ್ತರು, ತೂಕದವರು, ನೀವು), ಒಬ್ಬೊಬ್ಬರಿಗೂ ಏನು ಕಾಣಬೇಕು, ಏನು ಕಾಣಬಾರದು ಎಂದು ಬರೆಯಿರಿ. ಈಗ ಕೈಯಲ್ಲಿ ಬರೆದು ಕೊಡುವ ಪಟ್ಟಿಗಳ ಐದಾರು ಝೆರಾಕ್ಸ್ ಲಗತ್ತಿಸಿ. ಮಾಮೂಲಿ ಪಟ್ಟಿಗಳನ್ನಷ್ಟೇ ಕೊಟ್ಟರೆ ಪ್ರಯೋಜನ ಕಡಿಮೆ. ಮುಂಗಡ ಹಣ ಮುರಿದುಕೊಂಡದ್ದು, ತೇವಾಂಶ ಹೆಚ್ಚಾಗಿ ದರ ಇಳಿದದ್ದು, ಒಬ್ಬ ರೈತರ ಮಾಲನ್ನು ಇಬ್ಬರು ಖರೀದಿದಾರರು ಹಂಚಿಕೊಂಡದ್ದು, ಬರೆದ ಮೇಲೆ ರದ್ದಾದದ್ದು, ಇಂಥವು ಬೇಕು. ಸಾಫ್ಟ್‌ವೇರ್ ಕೈಕೊಡುವುದು ಇಂಥ ಜಾಗಗಳಲ್ಲೇ, ದರ ಏರುವುದೂ ಇವುಗಳಿಂದಲೇ. ದಿನಕ್ಕೆ ಎಷ್ಟು ಪಟ್ಟಿ, ಆವಕ ಜೋರಿದ್ದಾಗ ಎಷ್ಟು, ಇಂಟರ್‌ನೆಟ್ ಹೋದರೂ ಬಿಲ್ ಆಗಲೇಬೇಕೇ ಎಂಬುದನ್ನೂ ಸೇರಿಸಿ. ಈ ಕೊನೆಯ ಒಂದು ಸಾಲೇ ಖರ್ಚನ್ನು ಬಹಳ ಮೇಲಕ್ಕೆ ಒಯ್ಯಬಲ್ಲದು. ನೆಟ್ ಇಲ್ಲದೆ ನಡೆದು, ಬಂದ ಮೇಲೆ ತಾನೇ ಹೊಂದಿಸಿಕೊಳ್ಳುವ ಸಾಫ್ಟ್‌ವೇರ್ ಬರೆಯುವುದು ಕಷ್ಟದ ಕೆಲಸ. ನಿಜವಾಗಿ ಬೇಕಿದ್ದರೆ ಮಾತ್ರ ಕೇಳಿ. ಎರಡನೇ ಕಂಪನಿಯ ಇಂಟರ್‌ನೆಟ್ ಲೈನ್ ಹಾಕಿಸುವುದು ಎಷ್ಟೋ ಸಲ ಅಗ್ಗ.

ಮೆಸೇಜಿನ ವಿಷಯಕ್ಕೆ ಬರೋಣ. ವ್ಯಾಪಾರದ ಎಸ್‌ಎಂಎಸ್ ಕಳಿಸಲು ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್‌ನ ನಿಯಮದಂತೆ ಡಿಎಲ್‌ಟಿ (ಮೆಸೇಜ್ ಕಳಿಸುವವರ ಹೆಸರು, ಮೆಸೇಜಿನ ಮಾದರಿ ದಾಖಲಿಸುವ ವ್ಯವಸ್ಥೆ) ನೋಂದಣಿ ಆಗಬೇಕು. ಅದು ನಿಮ್ಮ ಅಂಗಡಿಯ ಹೆಸರಿನಲ್ಲಿ, ನಿಮ್ಮ ಪ್ಯಾನ್ ಕೊಟ್ಟೇ ಆಗಲಿ; ಡೆವಲಪರ್ ಹೆಸರಿನಲ್ಲಿ ಬೇಡ. ಕಳಿಸುವ ಪ್ರತಿ ಮೆಸೇಜಿನ ಮಾದರಿಗೂ ಮೊದಲೇ ಅನುಮತಿ ಪಡೆಯಬೇಕು. ಆಮೇಲೆ ಸಾಫ್ಟ್‌ವೇರಿನಲ್ಲಿ ಒಂದು ಪದ ಬದಲಾಯಿಸಿದರೂ ಮೆಸೇಜ್ ದಾರಿಯಲ್ಲೇ ತಡೆಯಲ್ಪಡುತ್ತದೆ. ಇಂಗ್ಲಿಷ್ ಮೆಸೇಜ್ ಒಂದಕ್ಕೆ 160 ಅಕ್ಷರ ಸಿಕ್ಕರೆ ಕನ್ನಡಕ್ಕೆ ಸಿಗುವುದು 70. ಅದೂ ಕಣ್ಣಿಗೆ ಕಾಣುವ ಅಕ್ಷರದ ಲೆಕ್ಕವಲ್ಲ: ಗುಣಿತದ ಚಿಹ್ನೆ, ಒತ್ತಕ್ಷರ ಎಲ್ಲ ಬೇರೆ ಬೇರೆ ಎಣಿಕೆ. ‘ಮೆಕ್ಕೆಜೋಳ’ ನಮಗೆ ನಾಲ್ಕಕ್ಷರ, ಫೋನಿಗೆ 9. 70 ದಾಟಿದರೆ ತುಂಡಿಗೆ 67ರಂತೆ ಒಡೆದು ಎರಡು ಮೆಸೇಜಿನ ದುಡ್ಡು ಹಿಡಿಯುತ್ತಾರೆ. ಮೆಸೇಜಿನ ಮಾದರಿಯನ್ನು ನೀವೇ ಬರೆದು, ಎಣಿಸಿ ಕೊಡಿ. ‘ಕನ್ನಡ ಎಸ್‌ಎಂಎಸ್ ಎಷ್ಟು ಉದ್ದ ಬರೆಯಬಹುದು?’ ಎಂದು ಮೂವರನ್ನೂ ಕೇಳಿ ನೋಡಿ. ಈ ಕೆಲಸ ಮಾಡಿ ಗೊತ್ತಿದ್ದವರು ತಡವರಿಸದೆ ಹೇಳುತ್ತಾರೆ.

ಟ್ಯಾಲಿಪ್ರೈಮ್‌ಗೆ ಹೊರಗಿನಿಂದ ಎಕ್ಸ್‌ಎಂಎಲ್ ಎಂಬ ಫೈಲ್ ರೂಪದಲ್ಲಿ ಲೆಕ್ಕ ಕಳಿಸಬಹುದು. ಸಾಮಾನ್ಯವಾಗಿ ಅದು 9000 ಎಂಬ ಪೋರ್ಟಿನಲ್ಲಿ (ಕಂಪ್ಯೂಟರಿನ ಸಂಪರ್ಕದ ಬಾಗಿಲು) ಕೇಳಿಸಿಕೊಳ್ಳುತ್ತದೆ. ಆದರೆ ಟ್ಯಾಲಿ ಇರುವುದು ನಿಮ್ಮ ಅಂಗಡಿಯ ಕಂಪ್ಯೂಟರಿನಲ್ಲಿ, ಹೊಸ ಸಾಫ್ಟ್‌ವೇರ್ ಇರುವುದು ಎಲ್ಲೋ ಸರ್ವರಿನಲ್ಲಿ. ಇವೆರಡನ್ನೂ ಬೆಸೆಯುವ ಸಣ್ಣ ಪ್ರೋಗ್ರಾಂ ನಿಮ್ಮ ಕಂಪ್ಯೂಟರಿನಲ್ಲಿ ಕೂರಬೇಕು, ಆ ಹೊತ್ತಿಗೆ ಟ್ಯಾಲಿ ತೆರೆದಿರಬೇಕು. ಇದನ್ನು ಪ್ರಸ್ತಾಪಿಸದೆ ‘ಟ್ಯಾಲಿ ಲಿಂಕ್ ಮಾಡ್ತೀವಿ’ ಎಂದಷ್ಟೇ ಹೇಳಿದವರಿಗೆ ಮತ್ತೆ ಪ್ರಶ್ನೆ ಹಾಕಿ. ಮೊದಲ ಹಂತದಲ್ಲಿ ಇದನ್ನು ಬಿಟ್ಟೇಬಿಡಿ ಎಂಬುದು ನಮ್ಮ ಸಲಹೆ. ದಿನದ ಕೊನೆಗೆ ಎಕ್ಸೆಲ್ ಫೈಲ್ ತೆಗೆದು ಟ್ಯಾಲಿಗೆ ಹಾಕಿದರೆ ಮೂರು ತಿಂಗಳು ನಡೆಯುತ್ತದೆ.

ಇನ್ನೊಂದು: ದೀಪಾವಳಿಯ ಆಸುಪಾಸು ಹೊಸ ಮೆಕ್ಕೆಜೋಳ ಬರುವಾಗ ಹೊಸ ಸಾಫ್ಟ್‌ವೇರ್ ಶುರು ಮಾಡಬೇಡಿ. ಬೇಸಿಗೆಯಲ್ಲಿ ಕೆಲಸ ಒಪ್ಪಿಸಿ, ಆವಕ ಕಡಿಮೆ ಇರುವ ತಿಂಗಳಲ್ಲಿ ಪುಸ್ತಕ, ಕಂಪ್ಯೂಟರ್ ಎರಡರಲ್ಲೂ ಹದಿನೈದು ದಿನ ಬರೆದು, ಎರಡೂ ತಾಳೆಯಾದ ಮೇಲೆ ಪುಸ್ತಕ ಬಿಡಿ.

ಪ್ರಶ್ನೆ: ನಾನು ಚಿತ್ರದುರ್ಗದಲ್ಲಿ ಕೋಚಿಂಗ್ ಸೆಂಟರ್ ನಡೆಸುತ್ತೇನೆ. ನನಗೆ ಕೋಡಿಂಗ್ ಬರುವುದಿಲ್ಲ. ಒಳ್ಳೆಯ ಡೆವಲಪರ್ ಎಲ್ಲಿ ಸಿಗುತ್ತಾರೆ? ಅವರಿಗೆ ಕೆಲಸ ಬರುತ್ತದೋ ಇಲ್ಲವೋ ಎಂದು ನನ್ನಂಥವಳು ತಿಳಿಯುವುದು ಹೇಗೆ?
— ಓದುಗರು, ಚಿತ್ರದುರ್ಗ

ಉತ್ತರ: ಪರಿಚಯದ ದಾರಿಯೇ ಮೊದಲು. ನಿಮ್ಮ ಆಡಿಟರ್, ಬೇರೆ ಊರಿನ ಕೋಚಿಂಗ್ ಸೆಂಟರಿನವರು, ನಿಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಬೆಂಗಳೂರಿನಲ್ಲಿ ಕೆಲಸಕ್ಕಿರುವವರು, ಇವರನ್ನು ಕೇಳಿ. ಆಮೇಲೆ ಲಿಂಕ್ಡ್‌ಇನ್. ಅಪ್‌ವರ್ಕ್‌ನಂಥ ತಾಣಗಳಲ್ಲಿ ಜನ ಬೇಕಾದಷ್ಟಿದ್ದಾರೆ, ಆದರೆ ಕನ್ನಡ ಓದಬಲ್ಲವರನ್ನು ಹುಡುಕಿಕೊಳ್ಳಬೇಕು. ಜಾಹೀರಾತು ಹಾಕುವಾಗ ಕೊನೆಯಲ್ಲಿ ‘ನಿಮ್ಮ ಉತ್ತರದ ಮೊದಲ ಪದ ಚಿತ್ರದುರ್ಗ ಎಂದಿರಲಿ’ ಎಂದು ಒಂದು ಸಾಲು ಸೇರಿಸಿ. ಓದದೆ ಒಂದೇ ಅರ್ಜಿಯನ್ನು ಎಲ್ಲರಿಗೂ ಕಳಿಸುವವರು ಅಲ್ಲಿಯೇ ಬಿದ್ದುಹೋಗುತ್ತಾರೆ.

ಕೆಲಸ ಬರುತ್ತದೋ ಎಂದು ತಿಳಿಯಲು ಸಂದರ್ಶನಕ್ಕಿಂತ ದುಡ್ಡು ಕೊಟ್ಟು ಮಾಡಿಸುವ ಸಣ್ಣ ಪರೀಕ್ಷಾ ಕೆಲಸ ಮೇಲು. ಬಂದವರಲ್ಲಿ ಇಬ್ಬರು ಅಥವಾ ಮೂವರನ್ನು ಆರಿಸಿ, ಎಲ್ಲರಿಗೂ ಒಂದೇ ಕೆಲಸ, ಒಂದೇ ಸಂಭಾವನೆ ಕೊಡಿ. ಒಂದು ದಿನದ ಕೆಲಸಕ್ಕಿಂತ ಹೆಚ್ಚು ಇರಬಾರದು. ಬಿಟ್ಟಿಯಾಗಿ ಕೇಳಬೇಡಿ: ಕೈತುಂಬ ಕೆಲಸ ಇರುವ ಒಳ್ಳೆಯವರು ಬಿಟ್ಟಿ ಪರೀಕ್ಷೆಗೆ ಬರುವುದಿಲ್ಲ, ಉಳಿಯುವುದು ಬೇರೆಯವರು. ಅದು ನ್ಯಾಯವೂ ಅಲ್ಲ.

ನಿಮ್ಮ ಸೆಂಟರಿಗೆ ಹೊಂದುವ ಪರೀಕ್ಷೆ ಒಂದನ್ನು ಹೇಳುತ್ತೇವೆ. ವಿದ್ಯಾರ್ಥಿಯ ಹೆಸರು, ತರಗತಿ, ಕಟ್ಟಿದ ಫೀಸು ತುಂಬುವ ಒಂದು ಪುಟ. ಬಟನ್ ಒತ್ತಿದರೆ ಕನ್ನಡದಲ್ಲಿ ರಸೀದಿಯ ಪಿಡಿಎಫ್. ಲಕ್ಷ್ಮೀ, ಜ್ಯೋತ್ಸ್ನಾ, ಕೃಷ್ಣಮೂರ್ತಿ ಎಂಬ ಹೆಸರುಗಳನ್ನು ನೀವೇ ತುಂಬಿ ನೋಡಿ. ಪಿಡಿಎಫ್ ಮಾಡುವ ಎಷ್ಟೋ ಸಿದ್ಧ ಉಪಕರಣಗಳು ಕನ್ನಡದ ಒತ್ತಕ್ಷರ ಕೂಡಿಸುವುದಿಲ್ಲ. ಲಕ್ಷ್ಮೀಯಲ್ಲಿ ಕ, ಷ, ಮ ಬಿಡಿಬಿಡಿಯಾಗಿ, ನಡುವೆ ಅರ್ಧಾಕ್ಷರದ ಚಿಹ್ನೆ ಉಳಿದು ಬರುತ್ತದೆ. ಮೂರ್ತಿಯ ಅರ್ಕಾವತ್ತು ತನ್ನ ಜಾಗ ತಪ್ಪುತ್ತದೆ. ಪರದೆಯ ಮೇಲೆ ಸರಿಯಾಗಿ ಕಂಡದ್ದು ಪಿಡಿಎಫ್‌ನಲ್ಲಿ ಹೀಗಾಗುವುದರಿಂದ, ಕೊನೆಯವರೆಗೂ ಪರೀಕ್ಷಿಸದವರಿಗೆ ಇದು ಗೊತ್ತೇ ಆಗುವುದಿಲ್ಲ. ತಾನೇ ಗಮನಿಸಿ ಸರಿಪಡಿಸಿ ಕಳಿಸಿದವರಿಗೆ ಒಂದು ಅಂಕ ಹೆಚ್ಚು ಕೊಡಿ. ಸಣ್ಣ ಥರ್ಮಲ್ ಪ್ರಿಂಟರಿನಲ್ಲಿ ರಸೀದಿ ಕೊಡುವಿರಾದರೆ ಅದನ್ನೂ ಹೇಳಿ. ಆ ಪ್ರಿಂಟರುಗಳಲ್ಲಿ ಸಾಮಾನ್ಯವಾಗಿ ಕನ್ನಡ ಅಕ್ಷರ ಇರುವುದಿಲ್ಲ, ರಸೀದಿಯನ್ನು ಚಿತ್ರವಾಗಿಸಿ ಕಳಿಸಬೇಕಾಗುತ್ತದೆ.

ಕೋಡ್ ಓದಲು ಬಾರದಿದ್ದರೂ ನೋಡಬಹುದಾದ್ದು ಬಹಳ ಇದೆ. ಕೆಲಸ ಶುರು ಮಾಡುವ ಮುಂಚೆ ಅವರು ಪ್ರಶ್ನೆ ಕೇಳಿದರೇ? ‘ಫೀಸು ಕಂತಿನಲ್ಲಿ ಕಟ್ಟುತ್ತಾರಾ ಮೇಡಂ? ರಸೀದಿ ತಪ್ಪಾದರೆ ಅಳಿಸಬೇಕಾ, ರದ್ದು ಎಂದು ಉಳಿಸಬೇಕಾ?’ ಎಂದು ಕೇಳಿದವರು ನಿಮ್ಮ ಕೆಲಸವನ್ನು ಯೋಚಿಸಿದ್ದಾರೆ. ನಿಮ್ಮ ಫೋನಿನಲ್ಲಿ ತೆರೆದು ನೋಡುವಂಥ ಲಿಂಕ್ ಕೊಟ್ಟರೇ, ಬರೀ ಸ್ಕ್ರೀನ್‌ಶಾಟ್ ಕಳಿಸಿದರೇ? ಮೊಬೈಲ್ ನಂಬರಿನ ಜಾಗದಲ್ಲಿ ಒಂಬತ್ತೇ ಅಂಕಿ ಹಾಕಿದರೆ, ಫೀಸಿನ ಜಾಗ ಖಾಲಿ ಬಿಟ್ಟರೆ, ಬಟನ್ ಎರಡು ಸಲ ಒತ್ತಿದರೆ ಏನಾಗುತ್ತದೆ? ಎರಡು ಸಲ ಒತ್ತಿದಾಗ ಎರಡು ರಸೀದಿ ಹುಟ್ಟಿದರೆ ನಾಳೆ ನಿಜವಾದ ದುಡ್ಡಿನಲ್ಲೂ ಹಾಗೇ ಆಗುತ್ತದೆ.

ಆಮೇಲೆ ಅರ್ಧ ಗಂಟೆ ವಿಡಿಯೋ ಕಾಲ್. ಪರದೆ ತೋರಿಸಿ ಎಂದು ಹೇಳಿ, ನಿಮ್ಮ ಎದುರಿಗೇ ಒಂದು ಸಣ್ಣ ಬದಲಾವಣೆ ಮಾಡಿಸಿ: ‘ರಸೀದಿಗೆ ತಂದೆಯ ಹೆಸರು ಸೇರಿಸಿ.’ ಈಗ ಎಐ ಬಳಸಿ ಕೋಡ್ ಬರೆಯುವವರು ಹೆಚ್ಚು, ಅದರಲ್ಲಿ ತಪ್ಪಿಲ್ಲ. ಆದರೆ ಬರೆಸಿದ್ದನ್ನು ಅರ್ಥ ಮಾಡಿಕೊಂಡವರು ಎಲ್ಲಿ ತಿದ್ದಬೇಕೆಂದು ನೇರವಾಗಿ ಅಲ್ಲಿಗೇ ಹೋಗುತ್ತಾರೆ. ಹಿಂದೆ ಕೆಲಸ ಮಾಡಿಸಿದ ಇಬ್ಬರ ನಂಬರ್ ಕೇಳಿ. ಅವರಿಗೆ ಫೋನ್ ಮಾಡಿ ‘ಹೇಗಿದ್ದಾರೆ?’ ಎನ್ನಬೇಡಿ, ಎಲ್ಲರೂ ಚೆನ್ನಾಗಿದ್ದಾರೆ ಎಂದೇ ಹೇಳುತ್ತಾರೆ. ‘ಹೇಳಿದ ದಿನಕ್ಕೂ ಮುಗಿಸಿದ ದಿನಕ್ಕೂ ಎಷ್ಟು ಅಂತರ? ತಡವಾಗುತ್ತದೆ ಎಂದು ಅವರೇ ಮೊದಲು ಹೇಳಿದರಾ, ನೀವು ಕೇಳಿದ ಮೇಲಾ? ಇನ್ನೊಂದು ಕೆಲಸ ಇದ್ದರೆ ಇವರಿಗೇ ಕೊಡುತ್ತೀರಾ?’ ಈ ಮೂರು ಸಾಕು.

ಪ್ರಶ್ನೆ: ದಾವಣಗೆರೆಯಲ್ಲೇ ಇಷ್ಟು ಎಂಜಿನಿಯರಿಂಗ್ ಕಾಲೇಜುಗಳಿವೆ. ವಿದ್ಯಾರ್ಥಿಗಳಿಂದ ಮಾಡಿಸಿದರೆ ಅಗ್ಗವಲ್ಲವೇ?
— ಓದುಗರು, ಹರಿಹರ

ಉತ್ತರ: 1951ರಿಂದ ಇರುವ ಯುಬಿಡಿಟಿ, 1979ರ ಬಿಐಇಟಿ, ಚಿತ್ರದುರ್ಗದ ಎಸ್‌ಜೆಎಂಐಟಿಯಂಥ ಕಾಲೇಜುಗಳಲ್ಲಿ ಚೆನ್ನಾಗಿ ಕೆಲಸ ಬಲ್ಲ ಹುಡುಗ ಹುಡುಗಿಯರು ಖಂಡಿತ ಇದ್ದಾರೆ. ಅಂಗಡಿಯ ವೆಬ್‌ಸೈಟ್, ಮಾಲಿನ ಪಟ್ಟಿ, ಎಕ್ಸೆಲ್‌ನಲ್ಲಿರುವ ಲೆಕ್ಕಕ್ಕೆ ಒಂದು ಪುಟ, ಇಂಥವನ್ನು ಧಾರಾಳವಾಗಿ ಕೊಡಿ. ದುಡ್ಡು ವಸೂಲಿ ಮಾಡುವ, ಜನರ ಆಧಾರ್ ಅಥವಾ ಬ್ಯಾಂಕ್ ವಿವರ ಇಡುವ ಕೆಲಸವನ್ನು ಅನುಭವಿಗಳ ಮೇಲ್ವಿಚಾರಣೆ ಇಲ್ಲದೆ ಕೊಡಬೇಡಿ. ಸೆಮಿಸ್ಟರ್ ಪರೀಕ್ಷೆಯ ವೇಳಾಪಟ್ಟಿ ನೋಡಿಕೊಂಡು ಗಡುವು ಹಾಕಿ. ಕೊನೆಯ ವರ್ಷದವರಾದರೆ ಕೆಲಸ ಸಿಕ್ಕು ಬೆಂಗಳೂರಿಗೆ ಹೋದ ಮೇಲೆ ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಮೊದಲ ದಿನವೇ ಮಾತಾಡಿ. ‘ಕಾಲೇಜ್ ಪ್ರಾಜೆಕ್ಟ್ ಆಗುತ್ತದಲ್ಲ’ ಎಂದು ಪುಕ್ಕಟೆ ಮಾಡಿಸಿಕೊಳ್ಳುವುದು ಮಾತ್ರ ಬೇಡ. ಅಂಕ ಬಂದ ಮೇಲೆ ಆ ಕೆಲಸಕ್ಕೆ ಮತ್ತೆ ಕೈ ಹಾಕಬೇಕೆಂದು ಅವರನ್ನು ಕೇಳುವ ಹಕ್ಕು ನಿಮಗೆ ಇರುವುದಿಲ್ಲ.

ಪ್ರಶ್ನೆ: ಎಣ್ಣೆ ಮಿಲ್ಲಿಗೆ ಸ್ಟಾಕ್ ಲೆಕ್ಕದ ಸಾಫ್ಟ್‌ವೇರ್ ಮಾಡಿಸಲು ಹೊರಟಿದ್ದೇವೆ. ಡೆವಲಪರ್ ಅರ್ಧ ದುಡ್ಡು ಮುಂಗಡ ಕೇಳುತ್ತಾರೆ. ಎಷ್ಟು ಕೊಡುವುದು ವಾಡಿಕೆ? ದುಡ್ಡು ಕೊಟ್ಟ ಮೇಲೆ ಕೋಡ್ ನಮ್ಮದೇ ತಾನೆ?
— ಓದುಗರು, ಚಳ್ಳಕೆರೆ

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇವೆ, ಏಕೆಂದರೆ ಬಹಳ ಜನ ಇಲ್ಲೇ ಎಡವುತ್ತಾರೆ. ದುಡ್ಡು ಕೊಟ್ಟ ಮಾತ್ರಕ್ಕೆ ಕೋಡ್ ನಿಮ್ಮದಾಗುವುದಿಲ್ಲ. 1957ರ ಕಾಪಿರೈಟ್ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಂ ಅನ್ನೂ ಸಾಹಿತ್ಯ ಕೃತಿಯ ಸಾಲಿಗೆ ಸೇರಿಸುತ್ತದೆ. ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಲೀಕರದು. ಫ್ರೀಲಾನ್ಸ್ ಆಗಿ ಬರೆದದ್ದು ಸಾಮಾನ್ಯವಾಗಿ ಬರೆದವರದು, ಅವರು ಬರವಣಿಗೆಯಲ್ಲಿ ಸಹಿ ಹಾಕಿ ನಿಮಗೆ ವಹಿಸಿಕೊಡುವ ತನಕ. ವಹಿಸಿಕೊಟ್ಟ ಪತ್ರದಲ್ಲಿ ಅವಧಿ ಬರೆಯದಿದ್ದರೆ ಕಾಯ್ದೆ ಅದನ್ನು ಐದೇ ವರ್ಷಕ್ಕೆ ಎಂದು ತಿಳಿಯುತ್ತದೆ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು. ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದಿದ್ದರೆ ಅದು ಬಿದ್ದುಹೋಗುವ ಅಂಶವೂ ಇದೆ. ಆದ್ದರಿಂದ ಕರಾರಿನಲ್ಲಿ ಹೀಗೊಂದು ವಾಕ್ಯ ಇರಲಿ: ‘ಈ ಕೆಲಸಕ್ಕಾಗಿ ಬರೆದ ಎಲ್ಲ ಸೋರ್ಸ್ ಕೋಡ್, ವಿನ್ಯಾಸ ಮತ್ತು ದಾಖಲೆಗಳ ಕಾಪಿರೈಟ್ ಅನ್ನು, ಆಯಾ ಕಂತಿನ ಹಣ ಸಂದಾಯವಾದೊಡನೆ, ಕಾಪಿರೈಟಿನ ಪೂರ್ಣ ಅವಧಿಗೆ, ಪ್ರಪಂಚದ ಎಲ್ಲ ಕಡೆಗೂ ಅನ್ವಯವಾಗುವಂತೆ ವಹಿಸಿಕೊಟ್ಟಿದ್ದೇನೆ. ಒಂದು ವರ್ಷದೊಳಗೆ ಬಳಸದಿದ್ದರೂ ಈ ಹಕ್ಕು ರದ್ದಾಗುವುದಿಲ್ಲ.’ ಡೆವಲಪರ್ ಮೊದಲೇ ಬರೆದಿಟ್ಟುಕೊಂಡ ಸಾಮಾನ್ಯ ಕೋಡ್, ಓಪನ್ ಸೋರ್ಸ್ (ಯಾರು ಬೇಕಾದರೂ ಬಳಸಲು ಮುಕ್ತವಾಗಿಟ್ಟ ಕೋಡ್) ಭಾಗಗಳು ಇದಕ್ಕೆ ಸೇರುವುದಿಲ್ಲ. ಅವುಗಳ ಪಟ್ಟಿ ಕೊಡಲಿ, ಬಳಸಲು ಶಾಶ್ವತ ಅನುಮತಿ ಬರೆದುಕೊಡಲಿ. ವಕೀಲರಿಗೆ ಒಮ್ಮೆ ತೋರಿಸಿ.

ಮುಂಗಡ ಅರ್ಧ ಹೆಚ್ಚಾಯಿತು. ಹಾಗೆಂದು ಏನೂ ಕೊಡದೆ ಶುರು ಮಾಡಿ ಎನ್ನುವುದೂ ಸರಿಯಲ್ಲ. ಹೊಸಬರ ಜೊತೆ 15ರಿಂದ 20 ಪ್ರತಿಶತ ಮುಂಗಡ, ಉಳಿದದ್ದನ್ನು ನಾಲ್ಕೈದು ಕಂತಾಗಿ ಒಡೆಯಿರಿ. ಕಂತನ್ನು ತಾರೀಖಿಗೆ ಕಟ್ಟಬೇಡಿ, ನಿಮ್ಮ ಕಣ್ಣಿಗೆ ಕಾಣುವ ಕೆಲಸಕ್ಕೆ ಕಟ್ಟಿ: ‘ಶೇಂಗಾ ಒಳಬಂದದ್ದು ದಾಖಲಾಗಿ, ಆ ದಿನದ ಸ್ಟಾಕ್ ವರದಿ ಸರಿ ಬರಬೇಕು’ ಒಂದು ಕಂತು, ‘ಎಣ್ಣೆ, ಹಿಂಡಿ ಹೊರಹೋದದ್ದು ಕಳೆದು, ಕೊರತೆ ತೋರಿಸಬೇಕು’ ಇನ್ನೊಂದು. ಕೊನೆಯ 10 ಪ್ರತಿಶತವನ್ನು ಮಿಲ್ಲಿನಲ್ಲಿ ಒಂದು ತಿಂಗಳು ನಡೆದ ಮೇಲೆ ಕೊಡಿ. ಕೆಲಸ ಸರಿ ಇದ್ದರೆ ಕಂತನ್ನು ಅದೇ ವಾರ ಕೊಟ್ಟುಬಿಡಿ. ಮೂರು ಸಲ ಫೋನ್ ಮಾಡಿಸಿಕೊಂಡು ದುಡ್ಡು ಕೊಡುವ ಮಾಲೀಕರ ಕೆಲಸವನ್ನು ಒಳ್ಳೆಯ ಡೆವಲಪರ್‌ಗಳು ತಮ್ಮ ಪಟ್ಟಿಯ ತಳಕ್ಕೆ ಹಾಕುತ್ತಾರೆ, ಅದಕ್ಕೆ ಅವರನ್ನು ದೂರುವಂತಿಲ್ಲ.

ಪ್ರತಿ ಕಂತಿಗೂ ಕೋಡ್ ನಿಮ್ಮ ಕೈಗೆ ಬಂದಿರಬೇಕು. ನಿಮ್ಮ ಇಮೇಲ್‌ನಿಂದ ಗಿಟ್‌ಹಬ್ (ಕೋಡ್ ಇಡುವ ಆನ್‌ಲೈನ್ ತಾಣ) ಖಾತೆ ತೆರೆದು, ಅದರಲ್ಲಿ ಖಾಸಗಿ ರೆಪೊಸಿಟರಿ (ಕೋಡ್ ಇಡುವ ಜಾಗ) ಮಾಡಿ, ಡೆವಲಪರ್‌ಗೆ ಅದರೊಳಗೆ ಪ್ರವೇಶ ಕೊಡಿ. ಇದಕ್ಕೆ ಖರ್ಚಿಲ್ಲ. ಅವರ ಖಾತೆಯಲ್ಲಿ ಇಟ್ಟು ‘ಕೊನೆಗೆ ಕೊಡ್ತೀನಿ’ ಎನ್ನುವುದಕ್ಕೆ ಒಪ್ಪಬೇಡಿ. ಅಪ್‌ವರ್ಕ್ ಮೂಲಕ ನಿಗದಿತ ದರಕ್ಕೆ ಮಾಡಿಸುವುದಾದರೆ ಕಂತಿನ ದುಡ್ಡು ಮೊದಲೇ ಮಧ್ಯಸ್ಥ ಖಾತೆಗೆ ಹೋಗುತ್ತದೆ. ಕೆಲಸ ಒಪ್ಪಿಸಿದ ಮೇಲೆ ನೀವು 14 ದಿನ ಸುಮ್ಮನಿದ್ದರೆ ಅದು ತಾನಾಗಿ ಅವರಿಗೆ ಸಂದಾಯವಾಗುತ್ತದೆ, ಮರೆಯಬೇಡಿ.

ಪ್ರಶ್ನೆ: ಕೋಟೆ ನೋಡಲು ಬರುವವರಿಗಾಗಿ ನಮ್ಮ ಹೋಂ ಸ್ಟೇ ಬುಕಿಂಗ್ ವೆಬ್‌ಸೈಟ್ ಮತ್ತು ಆ್ಯಪ್ ಮಾಡಿಸಿದ್ದೆವು. ಮಾಡಿಕೊಟ್ಟವರು ಎರಡು ತಿಂಗಳಿಂದ ಫೋನ್ ಎತ್ತುತ್ತಿಲ್ಲ. ಪಾಸ್‌ವರ್ಡ್ ಎಲ್ಲ ಅವರ ಬಳಿ ಇದೆ. ಈಗೇನು ಮಾಡುವುದು?
— ಓದುಗರು, ಚಿತ್ರದುರ್ಗ

ಉತ್ತರ: ದುಡ್ಡಿಗೆ ಸಂಬಂಧಿಸಿದ್ದರಿಂದ ಶುರು ಮಾಡಿ. ಪೇಮೆಂಟ್ ಗೇಟ್‌ವೇ (ಆನ್‌ಲೈನ್ ಪಾವತಿ ಪಡೆದುಕೊಡುವ ಸೇವೆ) ಖಾತೆಯ ಕೆವೈಸಿ ನಿಮ್ಮ ಹೆಸರಲ್ಲಿದ್ದರೆ ಅವರ ಸಹಾಯವಾಣಿಯ ಮೂಲಕ ಖಾತೆ ವಾಪಸ್ ಪಡೆದು, ದುಡ್ಡು ಸೇರುವ ಬ್ಯಾಂಕ್ ಖಾತೆ ನಿಮ್ಮದೇನಾ ಎಂದು ನೋಡಿ. ಎಪಿಐ ಕೀಲಿ (ವೆಬ್‌ಸೈಟನ್ನು ಗೇಟ್‌ವೇಗೆ ಜೋಡಿಸುವ ಗುಪ್ತ ಸಂಕೇತ) ಬದಲಾಯಿಸಿ. ಬದಲಾಯಿಸಿದ ಕ್ಷಣದಿಂದ ವೆಬ್‌ಸೈಟಿನಲ್ಲಿ ಪಾವತಿ ನಿಲ್ಲುತ್ತದೆ. ಹೊಸ ಡೆವಲಪರ್ ಸಿಗುವ ತನಕ ನಿಮ್ಮ ಯುಪಿಐ ಕ್ಯೂಆರ್‌ನಲ್ಲಿ ಮುಂಗಡ ಪಡೆಯಿರಿ.

ಮುಂದೆ ಡೊಮೈನ್, ಅಂದರೆ ವೆಬ್‌ಸೈಟಿನ ವಿಳಾಸ. ಹೂಈಸ್ ಎಂಬ ಹುಡುಕು ಸೇವೆಯಲ್ಲಿ ಆ ವಿಳಾಸ ಹಾಕಿದರೆ ಯಾವ ರಿಜಿಸ್ಟ್ರಾರ್ (ಡೊಮೈನ್ ನೋಂದಾಯಿಸುವ ಕಂಪನಿ) ಬಳಿ ಇದೆ, ಯಾವ ದಿನ ಅವಧಿ ಮುಗಿಯುತ್ತದೆ ಎಂದು ತಿಳಿಯುತ್ತದೆ. ಮುಗಿಯುವ ದಿನ ಹತ್ತಿರವಿದ್ದರೆ ಅದೇ ಈಗಿನ ತುರ್ತು. ನಿಮ್ಮ ಇಮೇಲ್‌ನಲ್ಲಿ ನೋಂದಣಿ ಆಗಿದ್ದರೆ ಪಾಸ್‌ವರ್ಡ್ ಮರುಹೊಂದಿಸಿದರೆ ಮುಗಿಯಿತು. ಅವರ ಹೆಸರಲ್ಲಿದ್ದರೆ ವರ್ಗಾವಣೆಯ ಗುಪ್ತಸಂಖ್ಯೆಯನ್ನು ಅವರೇ ಕೊಡಬೇಕು. ಇಮೇಲ್ ಮತ್ತು ಸ್ಪೀಡ್ ಪೋಸ್ಟ್‌ನಲ್ಲಿ, ನೀವು ದುಡ್ಡು ಕೊಟ್ಟ ದಾಖಲೆ ಸೇರಿಸಿ, ಹದಿನೈದು ದಿನದ ಗಡುವಿನ ಪತ್ರ ಬರೆಯಿರಿ. ಬೆದರಿಕೆಯ ಭಾಷೆ ಬೇಡ: ಕಾಯಿಲೆ, ಕುಟುಂಬದ ತೊಂದರೆ ಏನಾದರೂ ಇರಬಹುದು, ಮರ್ಯಾದೆಯ ಪತ್ರಕ್ಕೆ ಉತ್ತರ ಬರುವ ಸಾಧ್ಯತೆ ಹೆಚ್ಚು.

ಆ್ಯಪ್ ವಿಷಯದಲ್ಲಿ ಬೇಸರದ ಸುದ್ದಿ. ಪ್ಲೇಸ್ಟೋರಿನಲ್ಲಿ ಅದು ಅವರ ಖಾತೆಯಲ್ಲಿದ್ದು, ಅವರು ವರ್ಗಾಯಿಸದಿದ್ದರೆ, ಅದೇ ಪ್ಯಾಕೇಜ್ ಹೆಸರಿನಲ್ಲಿ (ಪ್ಲೇಸ್ಟೋರ್ ಆ್ಯಪನ್ನು ಗುರುತಿಸುವ ಹೆಸರು) ನೀವು ಮತ್ತೆ ಹಾಕಲು ಬರುವುದಿಲ್ಲ. ಹೊಸ ಆ್ಯಪ್ ಆಗಿಯೇ ಹಾಕಬೇಕು, ಹಳೆಯ ರೇಟಿಂಗ್ ಬರುವುದಿಲ್ಲ, ಗ್ರಾಹಕರು ಹೊಸದಾಗಿ ಇನ್‌ಸ್ಟಾಲ್ ಮಾಡಬೇಕು. ಈ ಸಲ ಖಾತೆಯನ್ನು ನೀವೇ ತೆರೆಯಿರಿ, ಒಮ್ಮೆ ಕಟ್ಟುವ ಶುಲ್ಕ 25 ಡಾಲರ್. ವೈಯಕ್ತಿಕ ಹೆಸರಲ್ಲಿ ಹೊಸದಾಗಿ ತೆರೆದರೆ, ಎಲ್ಲರಿಗೂ ಬಿಡುವ ಮುನ್ನ ಕನಿಷ್ಠ 12 ಜನ ಸತತ 14 ದಿನ ಪರೀಕ್ಷಿಸಬೇಕೆಂಬ ನಿಯಮವಿದೆ. ಅದನ್ನು ಲೆಕ್ಕ ಹಾಕಿಕೊಂಡು ದಿನ ಗೊತ್ತು ಮಾಡಿ. ಅಷ್ಟಕ್ಕೂ ಒಂದು ಹೋಂ ಸ್ಟೇಗೆ ಆ್ಯಪ್ ಬೇಕೇ ಎಂದು ಯೋಚಿಸಿ. ವರ್ಷಕ್ಕೊಮ್ಮೆ ಬರುವ ಪ್ರವಾಸಿಗರಿಗೆ ಮೊಬೈಲಿನಲ್ಲಿ ಬೇಗ ತೆರೆಯುವ ವೆಬ್‌ಸೈಟ್ ಸಾಕು.

ಹೊಸಬರಿಗೆ ಕೆಲಸ ಕೊಡುವಾಗ ಡೊಮೈನ್, ಹೋಸ್ಟಿಂಗ್ (ವೆಬ್‌ಸೈಟ್ ಇಡುವ ಸರ್ವರ್), ಪ್ಲೇಸ್ಟೋರ್, ಎಸ್‌ಎಂಎಸ್, ಪೇಮೆಂಟ್ ಗೇಟ್‌ವೇ, ಗಿಟ್‌ಹಬ್ ಈ ಆರೂ ಖಾತೆ ನಿಮ್ಮ ಇಮೇಲ್, ನಿಮ್ಮ ಫೋನ್ ನಂಬರಿನಲ್ಲಿರಲಿ. ಡೆವಲಪರ್‌ಗೆ ಸಹಾಯಕರಾಗಿ ಪ್ರವೇಶ ಕೊಡಿ, ನಿಮ್ಮ ಪಾಸ್‌ವರ್ಡ್ ಕೊಡಬೇಡಿ. ದತ್ತಾಂಶದ ಬ್ಯಾಕಪ್ ಪ್ರತಿ ರಾತ್ರಿ ನಿಮ್ಮ ಡ್ರೈವ್‌ಗೆ ಬಂದು ಬೀಳುವಂತೆ ಮಾಡಿಸಿ. ಮೂರು ತಿಂಗಳಿಗೊಮ್ಮೆ ಆ ಬ್ಯಾಕಪ್‌ನಿಂದ ಎಲ್ಲವನ್ನೂ ಮತ್ತೆ ನಿಲ್ಲಿಸಿ ತೋರಿಸಿ ಎಂದು ಕೇಳಿ. ಫೈಲ್ ಬರುತ್ತಿದೆ, ಆದರೆ ತೆರೆಯುವುದಿಲ್ಲ ಎಂಬುದು ಬೇಕಾದಾಗಲೇ ಗೊತ್ತಾದರೆ ಕಷ್ಟ.

ಪ್ರಶ್ನೆ: ಡೆವಲಪರ್‌ಗೆ ಕೊಡುವ ದುಡ್ಡಿನಲ್ಲಿ ಟಿಡಿಎಸ್ ಹಿಡಿಯಬೇಕಾ? ಅವರು ಜಿಎಸ್‌ಟಿ ಹಾಕಿಲ್ಲ, ಅದು ಸರಿಯಾ?
— ಓದುಗರು, ಹೊಳಲ್ಕೆರೆ

ಉತ್ತರ: ನಿಮ್ಮದು ಸ್ವಂತ ಹೆಸರಿನ ವ್ಯಾಪಾರವಾಗಿದ್ದು ಹಿಂದಿನ ವರ್ಷದ ವಹಿವಾಟು 1 ಕೋಟಿ ದಾಟಿಲ್ಲವಾದರೆ ಈ ಟಿಡಿಎಸ್ (ದುಡ್ಡು ಕೊಡುವಾಗಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ) ನಿಮಗೆ ಬರುವುದಿಲ್ಲ. ದಾಟಿದ್ದರೆ, ಅಥವಾ ಪಾಲುದಾರಿಕೆ ಸಂಸ್ಥೆಯೋ ಕಂಪನಿಯೋ ಆಗಿದ್ದರೆ, ವರ್ಷದಲ್ಲಿ ಒಬ್ಬರಿಗೆ ಕೊಡುವ ಶುಲ್ಕ 50,000 ರೂಪಾಯಿ ಮೀರಿದಾಗ ಹಿಡಿಯಬೇಕು. ಈ ಮಿತಿ 2025ರ ಏಪ್ರಿಲ್ 1ರಿಂದ ಬಂದದ್ದು, ಮೊದಲು 30,000 ಇತ್ತು. ತಾಂತ್ರಿಕ ಸೇವೆ ಎಂದಾದರೆ 2 ಪ್ರತಿಶತ, ವೃತ್ತಿಪರ ಶುಲ್ಕ ಎಂದಾದರೆ 10. ನಿಮ್ಮ ಕರಾರು ಯಾವುದರಲ್ಲಿ ಬರುತ್ತದೆ ಎಂದು ಆಡಿಟರಿಗೆ ತೋರಿಸಿ, ಕೆಲಸ ಶುರುವಾಗುವ ಮೊದಲೇ ಡೆವಲಪರ್‌ಗೂ ತಿಳಿಸಿ. ಕೈಗೆ ಬರುವುದು ಎಷ್ಟು ಎಂಬುದರ ಮೇಲೆ ಅವರು ದರ ಹೇಳಿರುತ್ತಾರೆ. ಅವರು ಪ್ಯಾನ್ ಕೊಡದಿದ್ದರೆ 20 ಪ್ರತಿಶತ ಹಿಡಿಯಬೇಕಾಗುತ್ತದೆ. ಹಿಡಿದದ್ದನ್ನು ಮುಂದಿನ ತಿಂಗಳ 7ರೊಳಗೆ ಕಟ್ಟಿ (ಮಾರ್ಚಿನದಕ್ಕೆ ಏಪ್ರಿಲ್ 30), ಟಿಡಿಎಸ್ ಸರ್ಟಿಫಿಕೇಟ್ ಅವರಿಗೆ ತಪ್ಪದೆ ಕೊಡಿ.

ವರ್ಷದ ಒಟ್ಟು ವಹಿವಾಟು 20 ಲಕ್ಷದೊಳಗೆ ಇರುವ ಸೇವಾದಾರರು ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ, ಹಾಗಾಗಿ ಅವರು ಹಾಕದಿರುವುದು ಸರಿಯೇ ಇರಬಹುದು. ನೋಂದಣಿ ಸಂಖ್ಯೆ ಇಲ್ಲದೆ 18 ಪ್ರತಿಶತ ಸೇರಿಸಿ ಬಿಲ್ ಕೊಟ್ಟರೆ ಆಗ ಪ್ರಶ್ನಿಸಿ. ನೋಂದಣಿ ಇರುವವರ ಬಿಲ್ಲಿನಲ್ಲಿ ಜಿಎಸ್‌ಟಿ ಬೇರೆ ಸಾಲಿನಲ್ಲಿ ತೋರಿಸಿದ್ದರೆ ಟಿಡಿಎಸ್ ಲೆಕ್ಕ ಹಾಕುವಾಗ ಆ ಮೊತ್ತವನ್ನು ಬಿಟ್ಟು ಹಾಕಿ.